ಒಣಗಬಲ್ಲ ಮನೆ: ಮಲೆನಾಡಿನಲ್ಲಿ ಇಂಧನ ಉಳಿಸುವ ಮರದ ಚೌಕಟ್ಟಿನ ಮನೆ ಕಟ್ಟುವ ಬಗೆ

ಮರದ ಚೌಕಟ್ಟಿನ ಮನೆಯಲ್ಲಿ ಭಾರ ಹೊರುವುದು ಗೋಡೆಯಲ್ಲ, ಕಂಬ, ತೊಲೆ, ಪಕಾಸಿಗಳ (ಚಾವಣಿ ಹೊರುವ ಓರೆ ಮರಗಳ) ಹೆಣಿಗೆ. ಮಳೆ, ಬಿಸಿಲು, ಗಾಳಿಗಳಿಗೆ ಮರೆಯಾಗುವುದಷ್ಟೇ ಗೋಡೆಯ ಪಾಲಿಗೆ ಉಳಿಯುವ ಕೆಲಸ. ಈ ಬಗೆಯ ಕಟ್ಟೋಣ ನಮಗೆ ಹೊಸದಲ್ಲ. ಕೊಡಗಿನ ಐನ್‌ಮನೆ, ಕರಾವಳಿಯ ಗುತ್ತಿನ ಮನೆ, ಮಲೆನಾಡಿನ ಚೌಕಿ ಮನೆಗಳಲ್ಲಿ ಮರವೇ ಮನೆಯ ಬೆನ್ನೆಲುಬಾಗಿತ್ತು. ಬೆಂಗಳೂರಿನಲ್ಲಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕಂಬಗಳು ಇಂದಿಗೂ ನಿಂತಿವೆ. ಆದರೆ ನಡುವಿನ ಒಂದು ತಲೆಮಾರಿಗೆ ಈ ವಿದ್ಯೆ ಕೈಬಿಟ್ಟುಹೋಯಿತು. ಕಾಡು ಉಳಿಸುವ ಉದ್ದೇಶದಿಂದ ಕೇಂದ್ರ ಲೋಕೋಪಯೋಗಿ ಇಲಾಖೆಯು 1993ರಲ್ಲಿ ತನ್ನ ಕಾಮಗಾರಿಗಳಲ್ಲಿ ಮರದ ಬಳಕೆಯನ್ನು ನಿಲ್ಲಿಸಿತ್ತು. ಆ ನಿರ್ಬಂಧ ತೆರವಾದದ್ದು 2020ರಲ್ಲಿ. ಅಷ್ಟರೊಳಗೆ ಆರ್‌ಸಿಸಿ ತಾರಸಿ ಹಳ್ಳಿಹಳ್ಳಿಗೂ ತಲುಪಿತ್ತು. ಮಲೆನಾಡಿನಲ್ಲಂತೂ ಮೊದಲು ತಾರಸಿ ಹಾಕಿ, ಎರಡು ಮಳೆಗಾಲ ಸೋರಿಸಿಕೊಂಡು, ಕೊನೆಗೆ ಅದರ ಮೇಲೊಂದು ಶೀಟಿನ ಮಾಡು ಕಟ್ಟಿಸುವುದು ವಾಡಿಕೆಯೇ ಆಗಿಬಿಟ್ಟಿದೆ. ಒಂದು ಮನೆಗೆ ಎರಡು ಚಾವಣಿಯ ಖರ್ಚು!

ಮರದ ಪರವಾಗಿ ಹೇಳಬೇಕಾದ ಸಂಗತಿಗಳು ಎರಡು. ಕಾಂಕ್ರೀಟು ಶಾಖವನ್ನು ಮರಕ್ಕಿಂತ ಸುಮಾರು ಹತ್ತು ಪಟ್ಟು ಸುಲಭವಾಗಿ ದಾಟಿಸುತ್ತದೆ; ಉಕ್ಕಿನ ಮಾತಾದರೆ ನೂರಾರು ಪಟ್ಟು. ಎರಡನೆಯದಾಗಿ, ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವಿರುತ್ತದೆ. ಒಂದು ಘನ ಮೀಟರ್ ತೇಗದ ಒಣ ತೂಕ 600 ಕೆ.ಜಿ. ಎಂದಿಟ್ಟುಕೊಂಡರೆ ಅದರಲ್ಲಿ 300 ಕೆ.ಜಿ. ಇಂಗಾಲ ಅಡಗಿರುತ್ತದೆ, ಅಂದರೆ ಆ ಮರ ಬೆಳೆಯುವಾಗ ಗಾಳಿಯಿಂದ ಸುಮಾರು 1,100 ಕೆ.ಜಿ. ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಿದೆ. ಈ ಲೆಕ್ಕಕ್ಕೆ ಬೆಲೆ ಬರುವುದು ಕಡಿದ ಮರದ ಜಾಗದಲ್ಲಿ ಮತ್ತೊಂದು ಬೆಳೆದಾಗ, ಮತ್ತು ಕಟ್ಟಿದ ಮನೆ ಆ ಮರ ಬೆಳೆಯಲು ಹಿಡಿದ ಕಾಲಕ್ಕಿಂತ ಹೆಚ್ಚು ಬಾಳಿದಾಗ ಮಾತ್ರ. ಆದ್ದರಿಂದ ಬಾಳಿಕೆಯ ಪ್ರಶ್ನೆ ಇಂಧನದ ಪ್ರಶ್ನೆಯಿಂದ ಬೇರೆಯಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಮರದ ಮನೆಯ ಬಗ್ಗೆ ಸಿಗುವ ಕೈಪಿಡಿಗಳಲ್ಲಿ ಬಹುಪಾಲು ಯುರೋಪು, ಕೆನಡಾ ಮುಂತಾದ ಚಳಿ ದೇಶಗಳವು. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಕೊರೆವ ಚಳಿ; ಒಳಗಿನ ಆವಿ ಗೋಡೆಯೊಳಕ್ಕೆ ನುಗ್ಗದಂತೆ ಒಳಮೈಗೆ ಪಾಲಿಥೀನ್ ಹಾಳೆ ಹೊದಿಸಿ ಬಿಗಿಯಾಗಿ ಮುಚ್ಚುತ್ತಾರೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ನಾಡಿನಲ್ಲಿ ಅದನ್ನೇ ಅನುಸರಿಸಿದರೆ ತೇವ ಹೊರಗಿನಿಂದ ಒಳಗೆ ಬಂದು ಪ್ಲಾಸ್ಟಿಕ್ಕಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಮರ ಅಲ್ಲಿಯೇ ಕೊಳೆಯುತ್ತದೆ. ನಮ್ಮಲ್ಲಿ ನೆನೆಯದ ಮನೆ ಕಟ್ಟುತ್ತೇನೆಂಬುದು ಹುಂಬತನ. ನೆನೆದರೂ ಬೇಗ ಒಣಗುವ ಮನೆ ಕಟ್ಟಬೇಕು. ಮುಂದಿನ ಎಲ್ಲ ಹಂತಗಳೂ ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಹಂತ 1: ದಿಕ್ಕು, ಸೂರು, ಇರಿಚಲು

ಸಾಗರ, ತೀರ್ಥಹಳ್ಳಿಗಳು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ 52 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ಜೂನ್ ಕೊನೆಯಲ್ಲಿ ನೆತ್ತಿಯನ್ನು ದಾಟಿ ತುಸು ಉತ್ತರಕ್ಕೇ ವಾಲಿರುತ್ತಾನೆ. ಹೀಗಾಗಿ ಉತ್ತರ ಮತ್ತು ದಕ್ಷಿಣದ ಗೋಡೆಗಳಿಗೆ ಸಾಧಾರಣ ಸೂರಿನ ನೆರಳೇ ಸಾಕು. ಮನೆಯ ಉದ್ದವನ್ನು ಪೂರ್ವ–ಪಶ್ಚಿಮವಾಗಿ ಇಟ್ಟು, ಅಗಲ ಕಡಿಮೆಯಿರುವ ಬದಿಗಳನ್ನು ಮೂಡಣ, ಪಡುವಣಕ್ಕೆ ಒಡ್ಡಬೇಕು. ಪಡುವಣ ಗೋಡೆಗೆ ಎರಡು ಶತ್ರುಗಳು: ಬೇಸಿಗೆಯಲ್ಲಿ ಇಳಿಬಿಸಿಲು, ಮಳೆಗಾಲದಲ್ಲಿ ನೈಋತ್ಯದ ಗಾಳಿ ಹೊತ್ತು ತರುವ ಇರಿಚಲು. ಆ ಬದಿಗೆ ಉಗ್ರಾಣ, ಸೌದೆ ಕೊಟ್ಟಿಗೆ, ಮೆಟ್ಟಿಲುಗಳನ್ನಿಟ್ಟು, ಮಲಗುವ ಕೋಣೆಗಳನ್ನು ಪೂರ್ವಕ್ಕೆ ತಳ್ಳುವುದು ಒಳಿತು.

ಸೂರು ಎಷ್ಟು ಚಾಚಬೇಕೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಾಳಿ ಜೋರಾದಾಗ ಮಳೆ 45 ಡಿಗ್ರಿ ಓರೆಯಲ್ಲಿ ಬೀಳುತ್ತದೆ ಎಂದುಕೊಳ್ಳಿ. ಆಗ 3 ಅಡಿ ಚಾಚಿದ ಸೂರು ತನ್ನ ಅಂಚಿನ ಮಟ್ಟದಿಂದ ಕೆಳಗೆ 3 ಅಡಿ ಗೋಡೆಯನ್ನಷ್ಟೇ ಕಾಯುತ್ತದೆ. 9 ಅಡಿ ಗೋಡೆಯಲ್ಲಿ ಉಳಿದ 6 ಅಡಿ ನೆನೆಯುತ್ತದೆ. ಬರೀ ಸೂರನ್ನು ನಂಬಿದರೆ ಸಾಲದು ಎಂಬುದು ಇದರಿಂದ ಸ್ಪಷ್ಟ. ಅದಕ್ಕಾಗಿಯೇ ಹಳೆಯ ಮನೆಗಳ ಸುತ್ತ 6–7 ಅಡಿಯ ಜಗಲಿ, ಜಗಲಿಯ ಆಚೆ ಮಳೆಗಾಲಕ್ಕೆಂದು ಅಡಿಕೆ ಸೋಗೆಯ ತಟ್ಟಿ. ಪಶ್ಚಿಮ ಮತ್ತು ದಕ್ಷಿಣದಲ್ಲಿ ಜಗಲಿ ಬೇಕೇ ಬೇಕು. ಉಳಿದೆಡೆ ಕಿಟಕಿಯ ಹಾಸಿನ ಮಟ್ಟದವರೆಗೆ ಜಂಬಿಟ್ಟಿಗೆ ಗೋಡೆ ಏರಿಸಿ, ಅದರ ಮೇಲಷ್ಟೇ ಮರದ ಗೋಡೆ ತೊಡಗಿಸಬಹುದು. ನೆಲದಿಂದ ಸಿಡಿಯುವ ಕೆಸರು ನೀರಿಗೂ ಇದೇ ಉತ್ತರ.

ಹಂತ 2: ಮೋಪಿನ ಆಯ್ಕೆ

ಮೋಪು ಎಂದ ಕೂಡಲೇ ಎಲ್ಲರ ಬಾಯಲ್ಲೂ ತೇಗ. ತೇಗ ಒಳ್ಳೆಯದೇ, ಆದರೆ ಇಡೀ ಮನೆಗೆ ತೇಗ ಬೇಕೆಂಬುದು ಬರೀ ಪ್ರತಿಷ್ಠೆ. ನೀರು, ನೆಲಕ್ಕೆ ಹತ್ತಿರವಿರುವ ಕಂಬ ಮತ್ತು ಹೊರ ತೊಲೆಗಳಿಗೆ ತೇಗ, ಹೊನ್ನೆ, ಹೆಬ್ಬಲಸಿನಂಥ ತಾಳಿಕೆಯ ಮರದ ಕೆಚ್ಚು ಬೇಕು. ಒಳಗಿನ ತೊಲೆ, ಪಕಾಸಿಗಳಿಗೆ ಮತ್ತಿ, ನಂದಿ, ಹಲಸು ಸಾಕು. ಮಲೆನಾಡಿನ ನೆಡುತೋಪುಗಳ ಅಕೇಶಿಯಾ, ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಇವುಗಳನ್ನು ಗೋಡೆಯ ಪಟ್ಟಿ, ಮುಚ್ಚಿಗೆಯ (ಒಳಚಾವಣಿಯ) ಹಲಗೆಗಳಿಗೆ ಬಳಸಬಹುದು. ಸಿಲ್ವರ್ ಓಕ್‌ಗೆ ಒರಲೆಯನ್ನು (ಗೆದ್ದಲನ್ನು) ಎದುರಿಸುವ ಶಕ್ತಿ ಇಲ್ಲ; ಔಷಧೋಪಚಾರವಿಲ್ಲದೆ ಅದನ್ನು ಮನೆಗೆ ತರಬಾರದು. ಅಕೇಶಿಯಾ ಒಣಗುವಾಗ ತಿರುಚಿಕೊಳ್ಳುವ ಸ್ವಭಾವದ್ದು, ಉದ್ದ ತೊಲೆಗೆ ಹೇಳಿಸಿದ್ದಲ್ಲ. ಯಾವ ಮರವಾದರೂ ಸರಿ, ಹೊರಸುತ್ತಿನ ಬಿಳಿಭಾಗವನ್ನು ಕೊಯ್ಸಿ ತೆಗೆಸಿ. ತೇಗದ ಬಿಳಿಭಾಗಕ್ಕೂ ಕುಟ್ಟೆ ಹಿಡಿಯುತ್ತದೆ, ಅದು ತೇಗವೆಂಬ ಹೆಸರಿಗೆ ಹುಳು ಹೆದರುವುದಿಲ್ಲ.

ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅನುಮತಿ ಬೇಕಾಗುತ್ತದೆ. ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಉಂಟು. ಸಾಗಾಟದ ಪರವಾನಗಿ ಬೇರೆಯೇ ವಿಷಯ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯಿರಿ. ಇಲ್ಲವೇ ಸರ್ಕಾರಿ ನಾಟಾ ಸಂಗ್ರಹಾಲಯದ ಹರಾಜಿನಲ್ಲಿ ರಸೀದಿ ಸಹಿತ ಕೊಳ್ಳಿ.

ನನ್ನ ಮೊದಲ ಆಯ್ಕೆ ಮಾತ್ರ ಹಳೆ ಮನೆಯ ಮೋಪು. ಕೆಡವಿದ ಮನೆಗಳ ತೊಲೆ, ಕಂಬಗಳು ಕರಾವಳಿ, ಮಲೆನಾಡುಗಳ ಪೇಟೆಗಳಲ್ಲಿ ಮಾರಾಟಕ್ಕೆ ಸಿಗುತ್ತವೆ. ಹಲವು ದಶಕ ಮಾಡಿನಡಿ ಇದ್ದ ಮರ ಪೂರ್ತಿ ಒಣಗಿರುತ್ತದೆ, ಕುಗ್ಗುವುದಿದ್ದಷ್ಟು ಕುಗ್ಗಿರುತ್ತದೆ. ಗೂಟ ಹೊಡೆದು ಕೂಡಿಸಿದ ಚೌಕಟ್ಟನ್ನು ಬಿಚ್ಚಿ ಬೇರೆಡೆ ನಿಲ್ಲಿಸಬಹುದೆಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೇ ಸಾಕ್ಷಿ. ಅಲ್ಲಿನ ಮನೆಗಳು ಮೂಲ ಊರುಗಳಿಂದ ಬಿಚ್ಚಿ ತಂದು ಮತ್ತೆ ಕಟ್ಟಿದಂಥವು. ಕೊಳ್ಳುವಾಗ ತೊಲೆಯ ತುದಿಗಳನ್ನು, ಅಂದರೆ ಗೋಡೆಯೊಳಗೆ ಹೂತಿದ್ದ ಭಾಗವನ್ನು, ಸುತ್ತಿಗೆಯಿಂದ ಬಡಿದು ನೋಡಿ. ಗಟ್ಟಿ ಮರ ಟಣ್ಣೆನ್ನುತ್ತದೆ, ಒಳಗೆ ಲಡ್ಡಾದ ಮರ ಬೊದ್ದೆನ್ನುತ್ತದೆ. ಮುರಿದ ಮೊಳೆಗಳನ್ನೆಲ್ಲ ಕಿತ್ತ ಮೇಲೆಯೇ ಮಿಲ್ಲಿಗೆ ಒಯ್ಯಿರಿ. ಗರಗಸದ ಬ್ಲೇಡು ಹಾಳಾದರೆ ಮಿಲ್ಲಿನವರು ಮುಂದಿನ ಸಲ ಹಳೆ ಮರ ಮುಟ್ಟುವುದಿಲ್ಲ.

ಹಂತ 3: ಒಣಗಿಸುವುದು, ಔಷಧ ಕುಡಿಸುವುದು

ಹಸಿಮರದ ನೀರು ಇಳಿಯುತ್ತ ತೇವಾಂಶ ಸುಮಾರು 30 ಪ್ರತಿಶತಕ್ಕೆ ಬಂದ ಮೇಲೆ ಮರ ಕುಗ್ಗಲು ತೊಡಗುತ್ತದೆ. 20 ಪ್ರತಿಶತಕ್ಕಿಂತ ಮೇಲಿದ್ದರೆ ಶಿಲೀಂಧ್ರ ಹಿಡಿಯುವ ಅಪಾಯವಿದೆ. ಮಲೆನಾಡಿನ ಕಷ್ಟವೆಂದರೆ, ಜುಲೈಯಲ್ಲಿ ಗಾಳಿಯ ಆರ್ದ್ರತೆ 90 ಪ್ರತಿಶತದ ಆಸುಪಾಸಿನಲ್ಲಿರುವಾಗ ಚೆನ್ನಾಗಿ ಒಣಗಿದ ಮರವೂ ಮೆಲ್ಲಗೆ ತೇವ ಹೀರಿ 20ರ ಹತ್ತಿರಕ್ಕೆ ಹೋಗುತ್ತದೆ. ಮಾರ್ಚಿಯಲ್ಲಿ ಅದೇ ಮರ 9–10ಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಮರ ಪ್ರತಿವರ್ಷ ಗಡಿಯವರೆಗೆ ಹೋಗಿ ಮರಳುತ್ತದೆ. ಸೋರಿಕೆಯ ನಾಲ್ಕು ಹನಿ ಸೇರಿದರೆ ಗಡಿ ದಾಟಿತೆಂದೇ ಲೆಕ್ಕ.

ಮರ ಕಡಿಯಲು ಮಳೆ ನಿಂತ ಮೇಲಿನ ಚಳಿಗಾಲ ತಕ್ಕ ಸಮಯ. ಕೃಷ್ಣಪಕ್ಷದಲ್ಲೇ ಕಡಿಯಬೇಕೆಂದು ಹಿರಿಯರು ಹೇಳುವುದುಂಟು. ಪಕ್ಷ ಯಾವುದೇ ಇರಲಿ, ಋತು ತಪ್ಪದಿದ್ದರೆ ಸಾಕೆಂಬುದು ನನ್ನ ಅಭಿಪ್ರಾಯ. ಕೊಯ್ದ ಪಟ್ಟಿಗಳನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ನೆರಳಿನಲ್ಲಿ, ಪ್ರತಿ ವರಸೆಯ ನಡುವೆ ಒಂದಿಂಚು ದಪ್ಪದ ಅಡ್ಡಪಟ್ಟಿಗಳನ್ನು ಎರಡಡಿಗೊಂದರಂತೆ ಇಟ್ಟು ಪೇರಿಸಬೇಕು. ಅಡ್ಡಪಟ್ಟಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿರಲಿ, ಇಲ್ಲವಾದರೆ ಹಲಗೆ ಅಲೆಯಂತೆ ಬಾಗುತ್ತದೆ. ತುದಿಗಳು ಬಿರಿಯದಂತೆ ಬಣ್ಣ ಅಥವಾ ಮೇಣ ಬಳಿಯಿರಿ. ಒಂದಿಂಚಿನ ಹಲಗೆ ಕೆಲವು ತಿಂಗಳಲ್ಲಿ ಒಣಗೀತು. ಆರಿಂಚಿನ ಕಂಬಕ್ಕೆ ವರ್ಷವೂ ಸಾಲದು.

ಒಣಗಿದೆಯೋ ಇಲ್ಲವೋ ಎಂಬುದನ್ನು ಆಚಾರಿಯ ಅಂದಾಜಿಗೆ ಬಿಡಬೇಡಿ. ಪಟ್ಟಿಯ ತುದಿಯಿಂದ ಒಂದಡಿ ಒಳಕ್ಕೆ ಒಂದು ತುಂಡು ಕತ್ತರಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಅದನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನ ಒವನ್‌ನಲ್ಲಿಟ್ಟು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಮೊದಲು 118 ಗ್ರಾಂ, ಕೊನೆಗೆ 100 ಗ್ರಾಂ ಬಂದರೆ ಹೋದ ನೀರು 18 ಗ್ರಾಂ. ತೇವಾಂಶ 18 ಪ್ರತಿಶತ. ಪಕಾಸಿ, ತೊಲೆಗೆ ಇದು ನಡೆಯುತ್ತದೆ. ಬಾಗಿಲು, ಕಿಟಕಿ, ಮುಚ್ಚಿಗೆಗೆ ನಡೆಯದು, ಇನ್ನೂ ಒಣಗಬೇಕು. ಐಎಸ್ 287 ಎಂಬ ಭಾರತೀಯ ಮಾನಕವೂ ದೇಶವನ್ನು ಆರ್ದ್ರತೆಯ ಆಧಾರದಲ್ಲಿ ವಲಯಗಳಾಗಿ ವಿಂಗಡಿಸಿ, ಮನೆಯ ಯಾವ ಭಾಗದ ಮರ ಎಷ್ಟು ಒಣಗಿರಬೇಕೆಂದು ಹೇಳುತ್ತದೆ.

ಔಷಧೋಪಚಾರದಲ್ಲಿ ಮನೆಮಂದಿಗೆ ಹೆಚ್ಚು ಅಪಾಯವಿಲ್ಲದ್ದು ಬೋರಾನ್ ದ್ರಾವಣ. ಒಂದು ಪಾಲು ಬೋರಿಕ್ ಆಮ್ಲಕ್ಕೆ ಒಂದೂವರೆ ಪಾಲು ಬೋರಾಕ್ಸ್ ಸೇರಿಸಿ ನೀರಿನಲ್ಲಿ ಕರಗಿಸಿ, ಹೊಸದಾಗಿ ಕೊಯ್ದ ಹಸಿ ಪಟ್ಟಿಗಳನ್ನು ಅದರಲ್ಲಿ ಮುಳುಗಿಸಿ ತೆಗೆದು, ಒತ್ತೊತ್ತಾಗಿ ಪೇರಿಸಿ ಟಾರ್ಪಾಲಿನಿಂದ ಮುಚ್ಚಿ ಕೆಲವು ವಾರ ಬಿಡಬೇಕು; ಮರದೊಳಗಿನ ನೀರಿನ ಮೂಲಕವೇ ಔಷಧ ಒಳಕ್ಕೆ ಹರಡುತ್ತದೆ. ಆಮೇಲಷ್ಟೇ ಒಣಗಲು ಪೇರಿಸುವುದು. ಒಣಮರಕ್ಕೆ ಮೇಲಿಂದ ಬಳಿದರೆ ಹೆಚ್ಚು ಪ್ರಯೋಜನವಿಲ್ಲ. ಮಳೆಗೆ ನೆನೆದರೆ ಬೋರಾನ್ ತೊಳೆದುಹೋಗುವುದರಿಂದ ಇದು ಮಾಡಿನಡಿಯ ಮರಕ್ಕೆ ಮಾತ್ರ. ತಾಮ್ರ, ಕ್ರೋಮಿಯಂಗಳ ಲವಣ ಬೆರೆತ, ಹಸಿರು ಛಾಯೆಯ ಸಿಸಿಎ ಉಪಚಾರ ಮಳೆಗೂ ತಡೆಯುತ್ತದೆ. 1933ರಲ್ಲಿ ಅದನ್ನು ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ ಎಂಬುದು ನಮಗೆ ಹೆಮ್ಮೆಯ ವಿಷಯವೇ. ಆದರೆ ಅದರಲ್ಲಿ ಆರ್ಸೆನಿಕ್ ಇದೆ. ಬೇಲಿ ಗೂಟಕ್ಕೆ ಸರಿ, ಮಕ್ಕಳು ಕೈಯಾಡಿಸುವ ಜಗಲಿ ಕಂಬಕ್ಕೆ ಬೇಡ. ಅದರ ಚೂರುಪಾರನ್ನು ಒಲೆಗೆ ಹಾಕುವುದಂತೂ ಕೂಡದು.

ಹಂತ 4: ಪಂಚಾಂಗ ಮತ್ತು ಕಂಬದ ಬುಡ

ಪಂಚಾಂಗ, ಅಂದರೆ ಮನೆ ನಿಲ್ಲುವ ಕಟ್ಟೆ, ಸುತ್ತಲಿನ ಅಂಗಳದಿಂದ ಕನಿಷ್ಠ ಒಂದೂವರೆ ಅಡಿ ಎತ್ತರವಿರಲಿ, ಎರಡಡಿಯಾದರೆ ಇನ್ನೂ ಒಳ್ಳೆಯದು. ಮರದ ಮನೆ ಹಗುರವಾದ್ದರಿಂದ ಅಡಿಪಾಯಕ್ಕೆ ಆರ್‌ಸಿಸಿಯ ಅಗತ್ಯ ಹೆಚ್ಚೇನಿಲ್ಲ. ಜಂಬಿಟ್ಟಿಗೆ ಅಥವಾ ಕಾಡುಕಲ್ಲಿನ ಕಟ್ಟಣೆ ಸಾಕು. ಸಿಮೆಂಟು ಉಳಿಯುವುದರಲ್ಲಿ ದೊಡ್ಡ ಪಾಲು ಇಲ್ಲಿಯೇ.

ಕಂಬದ ಬುಡದ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಮೊದಲ ಸಲ ಕಟ್ಟಿಸಿದ ಜಗಲಿಯಲ್ಲಿ, ಕಂಬ ಅಲುಗಾಡಬಾರದೆಂಬ ಕಾಳಜಿಯಿಂದ ಮೇಸ್ತ್ರಿಯ ಮಾತು ಕೇಳಿ ಬುಡವನ್ನು ಒಂಬತ್ತಿಂಚು ಕಾಂಕ್ರೀಟಿನಲ್ಲಿ ಹೂಳಿಸಿದೆ. ಕಂಬದ ಮೈಮೇಲೆ ಇಳಿದ ನೀರು ಮರ ಮತ್ತು ಕಾಂಕ್ರೀಟಿನ ನಡುವಿನ ಕೂದಲೆಳೆಯ ಸಂದಿಗೆ ಸೇರುತ್ತಿತ್ತು, ಹೊರಬರಲು ದಾರಿಯಿರಲಿಲ್ಲ. ಐದನೆಯ ಮಳೆಗಾಲದ ಹೊತ್ತಿಗೆ ಮೇಲೆ ಥಳಥಳಿಸುತ್ತಿದ್ದ ಕಂಬಕ್ಕೆ ಕೆಳಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಹಳಬರು ಕಂಬವನ್ನು ಕಲ್ಲಿನ ಪೀಠದ ಮೇಲೆ ಬರಿದೆ ನಿಲ್ಲಿಸುತ್ತಿದ್ದುದು ಅಲಂಕಾರಕ್ಕಲ್ಲವೆಂಬುದು ಅಂದು ಅರ್ಥವಾಯಿತು.

ಹೀಗೆ ಮಾಡಿ: ನೆಲಮಟ್ಟದಿಂದ ಆರಿಂಚಾದರೂ ಎದ್ದುನಿಂತ ಗ್ರಾನೈಟ್ ಪೀಠ ಇಡಿ, ಅದರ ಮೇಲ್ಮೈ ಹೊರಕ್ಕೆ ತುಸು ಇಳಿಜಾರಾಗಿರಲಿ. ಪೀಠದ ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಸರಳು ನೆಟ್ಟು, ಕಂಬದ ಅಡಿಯಲ್ಲಿ ಅದಕ್ಕೆ ತೂತು ಕೊರೆಸಿ ಕೂರಿಸಿ. ಕಂಬ ಮತ್ತು ಕಲ್ಲಿನ ನಡುವೆ ಕಂಬಕ್ಕಿಂತ ಚಿಕ್ಕದಾದ ಲೋಹದ ಬಿಲ್ಲೆಯಿಟ್ಟು ಅರ್ಧ ಇಂಚು ಅಂತರ ಬಿಡಿ. ಮರದ ತಲೆಮರ, ಅಂದರೆ ಅಡ್ಡ ಕೊಯ್ದ ಮೈ, ಹುಲ್ಲಿನ ಕೊಳವೆಗಳಂತೆ ನೀರು ಹೀರುವುದರಿಂದ ಅದನ್ನು ಕೂರಿಸುವ ಮೊದಲು ಗೇರೆಣ್ಣೆಯಲ್ಲಿ ಅದ್ದಬೇಕು. ಗೇರೆಣ್ಣೆ ಚರ್ಮ ಸುಡುತ್ತದೆ, ಕೈಗವಸು ಮರೆಯಬೇಡಿ. ಒರಲೆಗೆ ಮಣ್ಣಿನ ಉಪಚಾರ ಬೇಕೆಂದರೆ ಐಎಸ್ 6313ರ ವಿಧಾನವಿದೆ; ಆದರೆ ಒರಲೆಯ ಮಣ್ಣಿನ ದಾರಿ ಕಣ್ಣಿಗೆ ಬೀಳುವಂತೆ ಪೀಠದ ನಾಲ್ಕೂ ಬದಿಯನ್ನು ಬಯಲಾಗಿ ಬಿಡುವುದು ಯಾವ ಔಷಧಕ್ಕೂ ಕಡಿಮೆಯಲ್ಲ. ಬಾವಿಯಿರುವ ಅಂಗಳದಲ್ಲಿ ನಾನಂತೂ ಔಷಧ ಸುರಿಸುವುದಿಲ್ಲ.

ಹಂತ 5: ಚೌಕಟ್ಟು ನಿಲ್ಲಿಸುವುದು

ಮನೆಯನ್ನು ಅಂಕಣಗಳ ಲೆಕ್ಕದಲ್ಲಿ ಯೋಜಿಸಿದರೆ ಮರ ದಂಡವಾಗದು. ಕಂಬಗಳ ನಡುವಿನ ಅಂತರ ಎಲ್ಲೆಡೆ ಒಂದೇ ಆಗಿದ್ದಷ್ಟೂ ತೊಲೆಗಳ ಅಳತೆ ಒಂದೇ ಆಗುತ್ತದೆ, ಬಾಗಿಲು, ಕಿಟಕಿಗಳೂ ಅದರೊಳಗೇ ಕೂರುತ್ತವೆ. ತೊಲೆಯ ದಪ್ಪವನ್ನು ಪಕ್ಕದ ಮನೆಯದನ್ನು ನೋಡಿ ನಿರ್ಧರಿಸದೆ ಎಂಜಿನಿಯರರಿಂದ ಐಎಸ್ 883ರಂತೆ ಲೆಕ್ಕ ಹಾಕಿಸಿ. ಆ ಮಾನಕ ಮರಗಳನ್ನು ಅವುಗಳ ಬಿಗುವಿನ ಆಧಾರದಲ್ಲಿ ಎ, ಬಿ, ಸಿ ಎಂದು ಮೂರು ಗುಂಪು ಮಾಡುತ್ತದೆ. ಹಸಿ ತೊಲೆಯ ಮೇಲೆ ಭಾರ ಹೇರಿದರೆ ಅದು ಒಣಗುತ್ತ ಒಣಗುತ್ತ ಬಾಗಿಯೇ ಉಳಿಯುತ್ತದೆಂಬುದು ನೆನಪಿರಲಿ.

ಕೂಡುಗಳಿಗೆ ನಾಲಿಗೆ ಬಿಟ್ಟು ಕುಳಿ ತೋಡಿ ಮರದ ಗೂಟ ಬಡಿಯುವ ಹಳೆಯ ಕ್ರಮ ಇಂದಿಗೂ ಯೋಗ್ಯ, ಅದನ್ನು ಬಲ್ಲ ಆಚಾರಿ ಸಿಕ್ಕಿದರೆ. ಬೋಲ್ಟ್ ಬಳಸುವುದಾದರೆ ಸತು ಲೇಪಿತ ಅಥವಾ ಸ್ಟೇನ್‌ಲೆಸ್ ಇರಲಿ; ಬರಿ ಕಬ್ಬಿಣ ಒಗರಿನ ಮರದೊಡನೆ ಸೇರಿ ತುಕ್ಕು ಹಿಡಿದು ಸುತ್ತ ಕಪ್ಪುಗಟ್ಟುತ್ತದೆ. ಗಾಳಿಗೆ ಚೌಕಟ್ಟು ವಾಲದಂತೆ ಪ್ರತಿ ಮೂಲೆಗೂ ಓರೆ ಕೈಮರ ಬೇಕು. ಹಗುರ ಮನೆಗೆ ಗಾಳಿಯ ಎತ್ತುವಿಕೆಯೇ ದೊಡ್ಡ ಭಯ. ಗಾಳಿಯ ವೇಗದ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಇದ್ದರೆ ಮಂಗಳೂರಿಗೆ 39. ಪಕಾಸಿಯನ್ನು ಗೋಡೆ ತೊಲೆಗೂ, ತೊಲೆಯನ್ನು ಕಂಬಕ್ಕೂ ಲೋಹದ ಪಟ್ಟಿಯಿಂದ ಕಟ್ಟಿಹಾಕಿ.

ಹಂತ 6: ಮಾಡು

ಇಂಧನ ಉಳಿಯುವುದೂ ಪೋಲಾಗುವುದೂ ಮಾಡಿನಲ್ಲಿ. ನೆತ್ತಿಯ ಸೂರ್ಯನಿಗೆ ಇಡೀ ದಿನ ಎದುರಾಗುವುದು ಇದೊಂದೇ. ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದಾಗಿನಿಂದ ಮಂಗಳೂರು ಹೆಂಚು ನಮ್ಮ ಮಳೆಯನ್ನು ತಡೆದಿದೆ, ಆದರೆ ಶಾಖವನ್ನಲ್ಲ. ಹೆಂಚಿನ ಅಡಿಯಲ್ಲಿ ಏನೂ ಇಲ್ಲದಿದ್ದರೆ ಮಧ್ಯಾಹ್ನ ಎರಡಕ್ಕೆ ಕಾದ ಹೆಂಚು ತಲೆಯ ಮೇಲೆ ಕೆಂಡದಂತೆ ಶಾಖ ಸುರಿಸುತ್ತದೆ. ಹಿಂದೆ ಮುಚ್ಚಿಗೆ, ಅಟ್ಟಗಳು ಆ ಶಾಖವನ್ನು ತಡೆಯುತ್ತಿದ್ದವು. ಇಂದು ಅದೇ ಕೆಲಸವನ್ನು ಕಡಿಮೆ ದಪ್ಪದಲ್ಲಿ ಮಾಡಬಹುದು.

ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗಿರಲಿ. ಪಕಾಸಿಯ ಮೇಲೆ 12 ಮಿ.ಮೀ. ಮುಚ್ಚಿಗೆ ಹಲಗೆ. ಅದರ ಮೇಲೆ 50 ಮಿ.ಮೀ. ಎತ್ತರದ ಮರದ ಪಟ್ಟಿಗಳು, ಅವುಗಳ ನಡುವೆ ಅಷ್ಟೇ ದಪ್ಪದ ರಾಕ್‌ವೂಲ್ ಅಥವಾ ತೆಂಗಿನ ನಾರಿನ ಹಾಸು. ಅದರ ಮೇಲೆ ನೀರನ್ನು ತಡೆದು ಆವಿಯನ್ನು ಬಿಡುವ ಹಾಳೆ, ಪಾಲಿಥೀನ್ ಬೇಡ. ಹಾಳೆಯ ಮೇಲೆ ಸೂರಿನಿಂದ ನೆತ್ತಿಯ ಕಡೆಗೆ ಉದ್ದುದ್ದ 40 ಮಿ.ಮೀ. ಪಟ್ಟಿ, ಅದಕ್ಕೆ ಅಡ್ಡವಾಗಿ ರೀಪು, ರೀಪಿನ ಮೇಲೆ ಹೆಂಚು. ಉದ್ದ ಪಟ್ಟಿಗಳ ನಡುವಿನ ಆ 40 ಮಿ.ಮೀ. ಸಂದಿಯೇ ಈ ಮಾಡಿನ ಜೀವ. ಸೂರಿನಲ್ಲಿ ಒಳಸೇರಿದ ಗಾಳಿ ಬಿಸಿಲಿಗೆ ಕಾದು ನೆತ್ತಿಯಲ್ಲಿ ಹೊರಹೋಗುತ್ತ ಶಾಖವನ್ನು ಒಯ್ಯುತ್ತದೆ. ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ತೊಟ್ಟಿಕ್ಕಿದ ನೀರು ಹಾಳೆಯ ಮೇಲೆ ಸೂರಿಗೆ ಹರಿದುಹೋಗಿ, ರೀಪು ಗಾಳಿಗೆ ಒಣಗುತ್ತದೆ. ರೀಪನ್ನು ನೇರವಾಗಿ ಹಾಳೆಯ ಮೇಲೆ ಹೊಡೆದುಬಿಟ್ಟರೆ ಪ್ರತಿ ರೀಪಿನ ಹಿಂದೆಯೂ ಒಂದೊಂದು ಪುಟ್ಟ ಕೆರೆ ಕಟ್ಟಿದಂತೆಯೇ. ಸೂರು, ನೆತ್ತಿಗಳ ಬಾಯಿಗೆ ಸಣ್ಣ ಕಣ್ಣಿನ ಸ್ಟೇನ್‌ಲೆಸ್ ಜಾಲರಿ ಹೊಡೆಯದಿದ್ದರೆ ಇಲಿ, ಅಳಿಲು, ಬಾವಲಿಗಳು ನಾರಿನ ಹಾಸಿನಲ್ಲಿ ಸಂಸಾರ ಹೂಡುತ್ತವೆ.

ಲಾಭವೆಷ್ಟೆಂದು ಲೆಕ್ಕ ಹಾಕೋಣ. ಪ್ರತಿ ಪದರದ ದಪ್ಪವನ್ನು ಮೀಟರಿನಲ್ಲಿ ಬರೆದು ಅದರ ಶಾಖವಾಹಕತೆಯಿಂದ ಭಾಗಿಸಿದರೆ ಆ ಪದರದ ತಡೆ ಸಿಗುತ್ತದೆ. ಹಾಸು: 0.05 ಭಾಗಿಸು 0.04, ಅಂದರೆ 1.25. ಮುಚ್ಚಿಗೆ: 0.012 ಭಾಗಿಸು 0.14, ಅಂದರೆ 0.09. ಒಳ ಹೊರ ಮೈಗಳ ಗಾಳಿಯ ತಡೆ ಒಟ್ಟು 0.21. ಕೂಡಿದರೆ 1.55, ಅದರ ವಿಲೋಮ 0.65 ಯು-ಮೌಲ್ಯ, ಅಂದರೆ ಶಾಖ ದಾಟುವ ಪ್ರಮಾಣ; ಇದು ಕಡಿಮೆಯಿದ್ದಷ್ಟೂ ಒಳ್ಳೆಯದು. ಪಟ್ಟಿಗಳಿರುವ ಹತ್ತನೇ ಒಂದು ಭಾಗದಲ್ಲಿ ಹಾಸು ಇಲ್ಲದ್ದರಿಂದ ಸರಾಸರಿ 0.75ರ ಹತ್ತಿರ ಬರುತ್ತದೆ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ಚಾವಣಿಗೆ ಇಟ್ಟಿರುವ ಮಿತಿ ಚದರ ಮೀಟರಿಗೆ, ಪ್ರತಿ ಕೆಲ್ವಿನ್‌ಗೆ 1.2 ವಾಟ್. ಬರಿಯ ಹೆಂಚಿನ ಮಾಡಿನದು ಇದರ ಮೂರು ಪಟ್ಟಾದರೂ ಆಗುತ್ತದೆ. ಹಾಸು ಕೊಳ್ಳಲು ದುಡ್ಡಿಲ್ಲವೆಂದಾದರೆ ಅಲ್ಯೂಮಿನಿಯಂ ಹಾಳೆಯನ್ನು ಹೊಳೆಯುವ ಮೈ ಕೆಳಮುಖವಾಗಿ, ಅದರಡಿ ಒಂದಿಂಚು ಗಾಳಿ ಬಿಟ್ಟು ಹಾಕಿ. ಮೇಲ್ಮುಖ ಮಾಡಿದರೆ ಒಂದೆರಡು ವರ್ಷದಲ್ಲಿ ಧೂಳು ಕೂತು ಹೊಳಪೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ರೀಪಿನ ಅಂತರವನ್ನು ಹೆಂಚು ಅಂಗಳಕ್ಕೆ ಬಂದ ಮೇಲೆ ಹತ್ತು ಹೆಂಚು ಸಾಲಾಗಿ ಜೋಡಿಸಿ ಅಳೆದೇ ನಿರ್ಧರಿಸಿ; ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಬೇರೆ. ಮಾಡಿನ ಇಳಿಜಾರು 30 ಡಿಗ್ರಿಗಿಂತ ಕಡಿಮೆ ಬೇಡ.

ಹಂತ 7: ಗೋಡೆ

ಜಂಬಿಟ್ಟಿಗೆ ಗೋಡೆಯ ಮೇಲೆ 4 ಇಂಚು ಅಗಲ, 2 ಇಂಚು ದಪ್ಪದ ಪಟ್ಟಿಗಳನ್ನು ಎರಡಡಿಗೊಂದರಂತೆ ನಿಲ್ಲಿಸಿ. ಒಳಮೈಗೆ ಬಿದಿರು ಅಥವಾ ಅಡಿಕೆ ದಬ್ಬೆಯ ತಡಿಕೆ ಹೊಡೆದು ಸುಣ್ಣದ ಗಾರೆ ಮೆತ್ತಿ. ಹೊರಮೈಗೆ ಅಡ್ಡ ಹಲಗೆ, ಹಲಗೆಯ ಹಿಂದೆ ಒಂದಿಂಚು ಖಾಲಿ ಸಂದಿ. ಸಂದಿಯ ಕೆಳಗೂ ಮೇಲೂ ಜಾಲರಿಯಿಟ್ಟು ತೆರೆದಿಡಿ. ಹಲಗೆಯನ್ನು ಮಳೆಗೆ ಬಿಟ್ಟುಕೊಟ್ಟು ಗೋಡೆಯನ್ನು ಉಳಿಸಿಕೊಳ್ಳುವ ಉಪಾಯವಿದು. ಆರಿಂಚಿನ ತೇಗದ ಹಲಗೆ ಮಾರ್ಚಿಯಿಂದ ಜುಲೈಗೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ಮತ್ತಿ, ನಂದಿಗಳು ಇನ್ನೂ ಹೆಚ್ಚು. ಆದ್ದರಿಂದ ಪ್ರತಿ ಹಲಗೆಯನ್ನೂ ಒಂದೇ ಅಂಚಿನ ಬಳಿ ಸ್ಕ್ರೂ ಮಾಡಿ, ಇನ್ನೊಂದು ಅಂಚು ಪಕ್ಕದ ಹಲಗೆಯಡಿ ಜಾರಲು ಬಿಡಿ. ಎರಡೂ ಅಂಚಿಗೆ ಬಿಗಿದರೆ ನಡುವೆ ಸೀಳುವುದು ಖಂಡಿತ.

ನೆರಳಿನಲ್ಲಿರುವ ಗೋಡೆಗೆ ಹಾಸು ತುಂಬುವುದು ನನ್ನ ಮಟ್ಟಿಗೆ ದುಂದು. ಎಸಿ ಇಲ್ಲದ ಮನೆಯಲ್ಲಿ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವೇ ಇರದು. ಪಡುವಣ ಗೋಡೆಗೆ ಮಾತ್ರ 50 ಮಿ.ಮೀ. ಹಾಕಿ. ಎಸಿ ಕೋಣೆ ಬೇಕೇಬೇಕೆಂದರೆ ಆ ಒಂದು ಕೋಣೆಯ ನಾಲ್ಕೂ ಗೋಡೆಗೆ ಹಾಸು ತುಂಬಿ, ಒಳಮೈಗೆ ಆವಿ ತಡೆಯುವ ವಾಲ್‌ಪೇಪರ್, ವಿನೈಲ್ ಅಂಟಿಸಬೇಡಿ. ಈ ಹಗುರ ಗೋಡೆ ಬಯಲುಸೀಮೆಗೆ ಹೊಂದದು. ಕಲಬುರಗಿ, ವಿಜಯಪುರಗಳಲ್ಲಿ ಹಗಲು ಕಾದು ರಾತ್ರಿ ತಂಪಾಗುವುದರಿಂದ ಹಗಲಿನ ಶಾಖವನ್ನು ಹಿಡಿದಿಡುವ ದಪ್ಪ ಮಣ್ಣು ಬೇಕು. ಅಲ್ಲಿನವರು ಮರದ ಕಂಬ, ತೊಲೆಗಳ ಮೇಲೆ ಮಣ್ಣಿನ ಮಾಳಿಗೆ ಹೇರಿ, ದಪ್ಪ ಗೋಡೆ ಕಟ್ಟಿದ್ದು ತಿಳಿದೇ. ಬಚ್ಚಲು, ಶೌಚಾಲಯಗಳಿಗೆ ಎಲ್ಲಿಯಾದರೂ ಜಂಬಿಟ್ಟಿಗೆ ಅಥವಾ ಇಟ್ಟಿಗೆಯೇ ಸರಿ.

ಹಂತ 8: ಗಾಳಿ, ವಿದ್ಯುತ್ತು, ಬೆಂಕಿ

ಬಿಸಿ ಮತ್ತು ಆರ್ದ್ರ ಹವೆಯ ಪ್ರದೇಶದಲ್ಲಿ ತೆರೆಯಬಲ್ಲ ಕಿಟಕಿ, ಬಾಗಿಲುಗಳ ವಿಸ್ತೀರ್ಣ ನೆಲದ ಆರನೇ ಒಂದು ಭಾಗವಾದರೂ ಇರಬೇಕೆಂದು ಮೇಲೆ ಹೇಳಿದ ಸಂಹಿತೆ ಹೇಳುತ್ತದೆ; ಬೆಂಗಳೂರಿನಂಥ ಸಮಶೀತೋಷ್ಣ ಪ್ರದೇಶಕ್ಕೆ ಎಂಟನೇ ಒಂದು. 12 ಅಡಿಗೆ 10 ಅಡಿಯ ಕೋಣೆಗೆ 20 ಚದರ ಅಡಿ. ಜಾರುವ ಕಿಟಕಿ ಅರ್ಧ ಮಾತ್ರ ತೆರೆಯುವುದರಿಂದ ಅದನ್ನು ಅರ್ಧವೆಂದೇ ಎಣಿಸಿ. ಗಾಳಿ ಬಂದ ಗೋಡೆಯ ಎದುರಿಗೆ ಹೋಗುವ ದಾರಿಯಿರಲಿ, ಎತ್ತರದಲ್ಲಿ ಜಾಲಂಧ್ರವಿರಲಿ. ಉಳಿದದ್ದಕ್ಕೆ ಸೀಲಿಂಗ್ ಫ್ಯಾನ್ ಸಾಕು; ಹಳೆಯದು 75 ವಾಟ್ ಎಳೆಯುವಲ್ಲಿ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ತಿರುಗುತ್ತದೆ.

ದಪ್ಪ ಮರ ಬೆಂಕಿಗೆ ಸುಲಭವಾಗಿ ಸೋಲುವುದಿಲ್ಲ. ಮೇಲ್ಮೈ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರಿನಷ್ಟು ಇದ್ದಿಲಾಗುತ್ತ ಒಳಗಿನ ತಿರುಳನ್ನು ಕಾಯುತ್ತದೆ. ಅಪಾಯವಿರುವುದು ತೆಳು ಹಲಗೆ ಮತ್ತು ಖಾಲಿ ಸಂದಿಗಳಲ್ಲಿ. ವೈರುಗಳೆಲ್ಲ ಕೊಳವೆಯೊಳಗೇ ಹಾದುಹೋಗಲಿ, ಗೋಡೆಯ ಸಂದಿಯೊಳಗೆ ಎಲ್ಲೂ ಕೂಡು ಬೇಡ, ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಕಡ್ಡಾಯ. ಸೌದೆ ಒಲೆಯಿದ್ದರೆ ಅಡುಗೆಮನೆಯ ಗೋಡೆ ಇಟ್ಟಿಗೆಯದಾಗಿರಲಿ.

ಹಂತ 9: ಪ್ರತಿ ಮೇ ತಿಂಗಳ ಕೆಲಸ

ಮುಂಗಾರಿಗೆ ಮೊದಲು ಒಂದು ಬೆಳಗ್ಗೆ ಟಾರ್ಚು, ಸ್ಕ್ರೂಡ್ರೈವರ್ ಹಿಡಿದು ಮನೆ ಸುತ್ತಿ. ಒಡೆದ ಹೆಂಚು ಬದಲಿಸಿ, ಸೂರಿನ ದೋಣಿಯ ತರಗೆಲೆ ತೆಗೆಯಿರಿ. ಪ್ರತಿ ಕಂಬದ ಬುಡ, ಸೂರಿನ ಪಕಾಸಿ ತುದಿ, ಬಚ್ಚಲಿನ ಪಕ್ಕದ ತೊಲೆಗಳಿಗೆ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಅಲ್ಲಿ ನೀರು ಎಲ್ಲಿಂದ ಬಂತೆಂದು ಮೊದಲು ಹುಡುಕಿ, ಮರ ಬದಲಿಸುವುದು ಆಮೇಲೆ. ಪೀಠದ ಮೇಲೆ ಒರಲೆಯ ಮಣ್ಣಿನ ದಾರಿ ಕಂಡರೆ ಕೆರೆದು ಹಾಕಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಹೊಸ ಮನೆಯಲ್ಲಿ ಮೊದಲ ಎರಡು ಬೇಸಿಗೆ ಮರ ಕುಗ್ಗಿ ಬೋಲ್ಟುಗಳು ಸಡಿಲವಾಗಿರುತ್ತವೆ, ಅವನ್ನು ಬಿಗಿ ಮಾಡಬೇಕು. ಇದಕ್ಕೆಂದೇ ಕಟ್ಟುವಾಗಲೇ ಪ್ರತಿ ಕೋಣೆಯ ಮುಚ್ಚಿಗೆಯಲ್ಲಿ ಗೋಡೆ ತೊಲೆಯ ಮೇಲಿನ ಒಂದು ಹಲಗೆಯನ್ನು ಮೊಳೆ ಹೊಡೆಯದೆ ಹಿತ್ತಾಳೆ ಸ್ಕ್ರೂ ಹಾಕಿ ಕೂರಿಸಿರಿ. ಬಿಚ್ಚಿ, ಕೈಹಾಕಿ, ತೇವ ನೋಡಿ, ಮತ್ತೆ ಮುಚ್ಚಲು ಕಾಲು ಗಂಟೆ ಸಾಕು.